ತರಕಾರಿ ಸಾಲಿನ ಹುಳ, ಗುಡ್ಡೆಯ ಮದ್ದು

ತರಕಾರಿಗೆ ಹುಳ ಬೀಳುವುದು ಕಾಸರಗೋಡಿನ ನಮಗೆ ಹೊಸ ಸಂಗತಿಯಲ್ಲ. ಗದ್ದೆಯ ಕೊಯ್ಲು ಮುಗಿದ ಮೇಲೆ ಸೌತೆ, ಹಾಗಲ, ಅಲಸಂಡೆ, ಬೆಂಡೆ ಹಾಕುವ ಕ್ರಮ ಇತ್ತು. ಸೌತೆ ಎರಡೆಲೆ ಬಿಡುವಾಗಲೇ ಕೆಂಪು ದುಂಬಿಯೂ ಹಾಜರು. ಅದಕ್ಕೆ ಮನೆಯ ಮದ್ದು ಒಲೆಯ ಬೂದಿ. ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಎರಚಬೇಕು, ಇಲ್ಲದಿದ್ದರೆ ಎಲೆಗೆ ಹಿಡಿಯುವುದಿಲ್ಲ. ಅಲಸಂಡೆಯ ಕುಡಿಗೆ ಹೇನು ಕೂತರೆ ಹೊಗೆಸೊಪ್ಪು ನೆನೆಸಿದ ನೀರಿಗೆ ಸಾಬೂನು ಕದಡಿ ಚಿಮುಕಿಸುವುದು. ಹಾಗಲದ ಮಿಡಿಗೆ ನೊಣ ಮೊಟ್ಟೆಯಿಡದ ಹಾಗೆ ಹಳೆ ಪೇಪರು ಸುತ್ತಿ ಕಟ್ಟುವುದು.

ಹೊಗೆಸೊಪ್ಪಿನ ನೀರೂ ವಿಷವೇ. ಆದರೆ ಚಿಮುಕಿಸಿದ ಮನೆಯವರೇ ಆ ಕಾಯಿ ಕೊಯ್ದು ಪದಾರ್ಥ ಮಾಡಿ ಉಣ್ಣುವವರು. ಎಷ್ಟು ಬಿಡಬೇಕು, ಎಷ್ಟು ದಿನ ಕಾಯಬೇಕು ಎಂಬ ಲೆಕ್ಕ ಅವರ ಕೈಯಲ್ಲೇ ಇತ್ತು.

1970ರ ದಶಕದ ಕೊನೆಗೆ ಈ ಲೆಕ್ಕ ತಪ್ಪಿತು. ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳು ನಮ್ಮ ಗುಡ್ಡೆಗಳ ಮೇಲಿದ್ದವು. ಗೇರಿನ ಚಿಗುರು, ಹೂವಿನ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಬಿಡಲು ಸುರುವಾಯಿತು. 2000ದ ತನಕವೂ ವರ್ಷ ವರ್ಷ ನಡೆಯಿತು. ಬಾವಿ ಮುಚ್ಚಿಕೊಳ್ಳಿ ಎಂದು ಜನರಿಗೆ ಹೇಳಿದ್ದರು. ಬಾವಿಯನ್ನೇನೋ ಮುಚ್ಚಬಹುದು, ಹರಿಯುವ ತೋಡನ್ನು, ಸುರಂಗದ ನೀರು ತುಂಬುವ ಕೆರೆಯನ್ನು, ಮನೆ ಹಿಂದಿನ ಬಸಳೆ ಚಪ್ಪರವನ್ನು ಮುಚ್ಚುವುದು ಹೇಗೆ? ಮದ್ದು ಗುಡ್ಡೆಯ ಗೇರಿಗೆ, ಬಿದ್ದದ್ದು ಕೆಳಗಿನವರ ಊಟಕ್ಕೂ.

ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಒಂದೇ ಬಗೆಯ ಕಾಯಿಲೆಗಳು ಮನೆ ಮನೆಯಲ್ಲೂ ಕಾಣುವುದನ್ನು ಡಾ. ವೈ.ಎಸ್. ಮೋಹನ ಕುಮಾರ್ ಗಮನಿಸಿದರು. ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪರೀಕ್ಷಿಸಿದಾಗ ಇಲ್ಲಿನ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಅಂಶ ಸಿಕ್ಕಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿ 10ರಂದು ಆಜ್ಞೆಯಾಯಿತು. ಹಾಸಿಗೆಯಿಂದ ಏಳಲಾಗದ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರ ಕೆಲಸ ಮಾತ್ರ ಅದರಿಂದ ಮುಗಿಯಲಿಲ್ಲ.

ಟೀ ಸೊಳ್ಳೆಯನ್ನು ಹಿಡಿದು ತಿನ್ನುವವರೂ ಗೇರುಮರದಲ್ಲೇ ಇದ್ದಾರೆ, ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಗಳು. ಮೇಲಿನಿಂದ ಸುರಿದ ಮದ್ದಿಗೆ ಇರುವೆ ಯಾವುದು, ಸೊಳ್ಳೆ ಯಾವುದು ಎಂಬ ಭೇದ ಇಲ್ಲ.

ಈಗ ಎಂಡೋಸಲ್ಫಾನ್ ಇಲ್ಲ, ಆದರೆ ಬೇರೆ ಬಾಟಲಿಗಳು ಅಂಗಡಿಯಲ್ಲಿವೆ, ಬೆಂಡೆಗೆ ಹುಳ ಕಂಡ ಕೂಡಲೇ ಕೈ ಅತ್ತಲೇ ಹೋಗುತ್ತದೆ. ತರುವುದಾದರೆ ಅದರ ತ್ರಿಕೋನದ ಬಣ್ಣ ನೋಡಿ: ಕೆಂಪು ಎಲ್ಲಕ್ಕಿಂತ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಮದ್ದು ಬಿಟ್ಟು ಎಷ್ಟು ದಿನಕ್ಕೆ ಕಾಯಿ ಕೊಯ್ಯಬಹುದೆಂದು ಕೇಳಿ. ನಮ್ಮ ಸಾಲಿನ ಕೆಳಗೆ ಯಾರ ಬಾವಿ ಇದೆ ಎಂಬುದು ಅಂಗಡಿಯವನಿಗೆ ಗೊತ್ತಿರುವುದಿಲ್ಲ, ನಮಗೆ ಗೊತ್ತು.