ದಫ್ತರದಿಂದ ಹೊಲಕ್ಕೆ ಬಂದ ಮಾತುಗಳು

ನಾವು ದಿನವೂ ಆಡುವ ‘ತಕರಾರು’ ಎಂಬ ಮಾತಿಗೆ ಮೂಲ ಅರಬಿಯಲ್ಲಿ ‘ಮತ್ತೆ ಮತ್ತೆ ಹೇಳುವುದು’ ಎಂದರ್ಥ. ಅರ್ಜಿ, ಬಾಕಿ, ವಸೂಲಿ, ಜಾಮೀನು, ರಾಜಿ ಇವೆಲ್ಲ ಅದೇ ಹಾದಿಯಲ್ಲಿ ಬಂದವು. ಒಂದು ಕಾಲಕ್ಕೆ ಇವು ಅಧಿಕಾರಸ್ಥರ ಠೀವಿಯ ನುಡಿಗಳು. ಬಲ್ಲವನು ದಫ್ತರದ ಒಳಗೆ, ಅರಿಯದವನು ಹೊರಗೆ.

ಬಿಜಾಪುರದ ಮೊದಲನೆಯ ಇಬ್ರಾಹಿಂ ಆದಿಲ್‌ಶಾಹನು (1534–1558) ಲೆಕ್ಕಪತ್ರಗಳನ್ನು ಪಾರಸಿಯಿಂದ ಹಿಂದವಿಗೆ ಬದಲಿಸಿ ಬ್ರಾಹ್ಮಣ ಅಧಿಕಾರಿಗಳ ಕೈಗೊಪ್ಪಿಸಿದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಭಾಷೆ ಬದಲಾದರೂ ಕಂದಾಯದ ಪರಿಭಾಷೆ ಉಳಿಯಿತು. ಮುಂದೆ 1674ರ ಪಟ್ಟಾಭಿಷೇಕದ ಆಸುಪಾಸಿನಲ್ಲಿ ಶಿವಾಜಿಯ ಅಪ್ಪಣೆಯಂತೆ ರಘುನಾಥ ಪಂಡಿತನು ‘ರಾಜವ್ಯವಹಾರಕೋಶ’ವನ್ನು ರಚಿಸಿ, ಸುಮಾರು 1,400 ಆಡಳಿತಪದಗಳಿಗೆ ಸಂಸ್ಕೃತದ ಪರ್ಯಾಯ ಒದಗಿಸಿದನು. ಮುಜುಮದಾರನು ಅಮಾತ್ಯನಾದನು, ಪೇಶ್ವೆಯು ಪಂತಪ್ರಧಾನನಾದನು. ಆದರೆ ಮುಂದಿನ ಶತಮಾನದಲ್ಲಿ ಪುಣೆಯಿಂದ ಆಳಿದವರನ್ನು ಜನ ಕರೆದದ್ದು ಪೇಶ್ವೆಗಳೆಂದೇ.

ರಾಜಾಜ್ಞೆಗೂ ಮಣಿಯದ ಈ ಪದಗಳ ಬಲ ಯಾವುದು? ಯಾರ ಮೇಲೆ ಅವು ಪ್ರಯೋಗವಾದವೋ ಅವರೇ ಅವನ್ನು ಕೈಗೆತ್ತಿಕೊಂಡದ್ದು ಎಂದು ನಾವು ತಿಳಿಯುತ್ತೇವೆ. ಪಾರಸಿಯಲ್ಲಿ ‘ಕೋರಿಕೆ’ ಎಂಬರ್ಥದ ‘ದರಖಾಸ್ತು’ ನಮ್ಮ ಹಳ್ಳಿಗಳಲ್ಲಿ ಅರ್ಜಿ ಹಾಕಿ ಪಡೆದ ಸರಕಾರಿ ಭೂಮಿಯ ಹೆಸರಾಯಿತು. ಬೇಡಿಕೆಯ ಮಾತು ಬೇಡಿದವನ ನೆಲವಾಯಿತು. ‘ಅರ್ಜಿ ಹಾಕು’, ‘ತಕರಾರು ತೆಗೆ’, ‘ರಾಜಿಯಾಗು’ ಎನ್ನುವಾಗ ಕ್ರಿಯಾಪದ ಕನ್ನಡದ್ದು, ಹಕ್ಕೂ ಆಡುವವನದು.

ಇಂದು ಪುಣೆ, ಹೈದರಾಬಾದುಗಳ ಕಚೇರಿಗಳಲ್ಲಿ ದುಡಿಯುವ ನಾವು ಹೊಸ ದಫ್ತರಿ ನುಡಿಯೊಂದನ್ನು ಮನೆಗೆ ತರುತ್ತಿದ್ದೇವೆ. ಸಂಪರ್ಕ ತಂತ್ರಜ್ಞಾನದಲ್ಲಿ ತರಂಗಾಂತರಗಳ ವ್ಯಾಪ್ತಿಯನ್ನು ಸೂಚಿಸುವ ‘ಬ್ಯಾಂಡ್‌ವಿಡ್ತ್’ ಈಗ ಮನುಷ್ಯನ ಪುರಸೊತ್ತಿನ ಅಳತೆ. ಇದರಲ್ಲಿ ಅಂಜುವಂಥದ್ದೇನಿಲ್ಲ, ಬೇಕಾದರೆ ಕನ್ನಡ ಅದನ್ನೂ ಪಳಗಿಸೀತು. ಆದರೆ ನೌಕರರನ್ನು ಮನೆಗೆ ಕಳುಹಿಸುವುದಕ್ಕೆ ‘ರೈಟ್‌ಸೈಜಿಂಗ್’ ಎನ್ನುವಾಗ ಮಾತು ಬೇರೆ ಕೆಲಸ ಮಾಡುತ್ತದೆ. ‘ವಸೂಲಿ’ ಎಷ್ಟೇ ಕಠಿಣವಾದರೂ ಮಾಡುವುದನ್ನೇ ಹೇಳುತ್ತಿತ್ತು. ಇದು ಮಾಡಿದ್ದನ್ನು ಮರೆಸುತ್ತದೆ. ಕೆಲಸ ಕಳೆದುಕೊಂಡವನು ಈ ಪದ ಹಿಡಿದು ಯಾವ ಅರ್ಜಿಯನ್ನೂ ಬರೆಯಲಾರ.

ಆದುದರಿಂದ ಹೊಸ ಪದವೊಂದು ಬಂದಾಗ ಅದು ಯಾವ ಭಾಷೆಯದೆಂದು ಕೇಳುವುದಕ್ಕಿಂತ, ಅದನ್ನು ಕೇಳಿಸಿಕೊಂಡವನು ಅದೇ ಮಾತಿನಿಂದ ತಕರಾರು ತೆಗೆಯಬಲ್ಲನೇ ಎಂದು ನಾವು ಮೊದಲು ಕೇಳಬೇಕು.