ಒಮ್ಮೆ ಬರೆದಿಟ್ಟರೆ ಸಾಕು: ಶೆಲ್ ಸ್ಕ್ರಿಪ್ಟಿನ ಅರವತ್ತು ವರ್ಷ

ಟರ್ಮಿನಲ್ ತೆರೆದು ಶೆಲ್ ಕಲಿಯಲು ಕೂತವರಿಗೆ ಮೊದಲ ವಾರವೇ ಕೆಲವು ಸಂಗತಿಗಳು ತಲೆ ಕೆಡಿಸುತ್ತವೆ. ಫೈಲಿನ ಹೆಸರಿನಲ್ಲಿ ಒಂದು ಸ್ಪೇಸ್ ಇದ್ದರೆ ಕೆಲಸ ಕೆಡುತ್ತದೆ. ಸಮ ಚಿಹ್ನೆಯ ಅಕ್ಕಪಕ್ಕ ಜಾಗ ಬಿಟ್ಟರೆ ತಪ್ಪು, ಚೌಕ ಕಂಸದ ಪಕ್ಕ ಜಾಗ ಬಿಡದಿದ್ದರೆ ತಪ್ಪು. 'ಇಫ್' ಎಂದು ಶುರುವಾದದ್ದು 'ಫೈ' ಎಂದು ಮುಗಿಯಬೇಕು. ಹಗಲು ಕೈಯಾರೆ ಓಡಿಸಿದಾಗ ಸರಿಯಿದ್ದ ಸ್ಕ್ರಿಪ್ಟ್ ರಾತ್ರಿ ತಾನಾಗಿ ಓಡುವಾಗ ಮುಗ್ಗರಿಸುತ್ತದೆ. ಇವನ್ನು ಬರೀ ನಿಯಮಗಳೆಂದು ಬಾಯಿಪಾಠ ಮಾಡಿದರೆ ನಾಲ್ಕು ದಿನದಲ್ಲಿ ಮರೆತುಹೋಗುತ್ತವೆ. ಒಂದೊಂದೂ ಯಾವ ಕಾಲದಲ್ಲಿ, ಯಾವ ಅಗತ್ಯಕ್ಕೆ ಬಂತು ಎಂದು ತಿಳಿದರೆ ಕಲಿಕೆ ಹಗುರಾಗುತ್ತದೆ. ಆ ದೃಷ್ಟಿಯಿಂದ ಈ ಕ್ಷೇತ್ರ ಬೆಳೆದು ಬಂದ ಬಗೆಯನ್ನು ಇಲ್ಲಿ ನೋಡೋಣ.

ಶುರುವಾದದ್ದು ಬೇಸರದಿಂದ

1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಸಿಟಿಎಸ್ಎಸ್ ಎಂಬ ವ್ಯವಸ್ಥೆ ಇತ್ತು. ಹಲವರು ಏಕಕಾಲಕ್ಕೆ ಒಂದೇ ಕಂಪ್ಯೂಟರನ್ನು ಬಳಸಲು ಅದು ಅವಕಾಶ ಕೊಡುತ್ತಿತ್ತು. ಅಲ್ಲಿದ್ದ ಫ್ರಾನ್ಸಿನ ಲೂಯಿ ಪೂಜಾಂ ಅವರು ಅವವೇ ಕಮಾಂಡುಗಳನ್ನು ಮತ್ತೆ ಮತ್ತೆ ಟೈಪ್ ಮಾಡುವ ಬದಲು ಒಂದು ಫೈಲಿನಲ್ಲಿ ಬರೆದಿಟ್ಟು, ಸಾಲುಸಾಲಾಗಿ ನಡೆಸುವ ರನ್‌ಕಾಮ್ ಎಂಬ ಪ್ರೋಗ್ರಾಮನ್ನು 1963-64ರ ಸುಮಾರಿಗೆ ಬರೆದರು. ಇಂದಿನ ಬ್ಯಾಷ್ ಶೆಲ್‌ನ ಸೆಟ್ಟಿಂಗ್ ಫೈಲಿನ ಹೆಸರಿನ ಕೊನೆಗಿರುವ 'ಆರ್‌ಸಿ' ಅಲ್ಲಿಂದಲೇ ಬಂದದ್ದು.

ನಂತರ ಬಂದ ಮಲ್ಟಿಕ್ಸ್ ವ್ಯವಸ್ಥೆಗಾಗಿ ಪೂಜಾಂ ಇನ್ನೊಂದು ಮುಖ್ಯ ಸಲಹೆ ಕೊಟ್ಟರು. ಬಳಕೆದಾರರ ಮಾತು ಕೇಳಿಸಿಕೊಳ್ಳುವ ಭಾಗ ವ್ಯವಸ್ಥೆಯ ಒಡಲಿನೊಳಗೆ ಇರಬೇಕಿಲ್ಲ, ಅದೂ ಎಲ್ಲದರಂತೆ ಒಂದು ಸಾಮಾನ್ಯ ಪ್ರೋಗ್ರಾಮಾಗಿರಲಿ ಎಂಬುದು ಅದರ ಸಾರ. ಆ ಭಾಗವೇ ಶೆಲ್. 1965ರಲ್ಲಿ ಗ್ಲೆಂಡಾ ಶ್ರೋಡರ್ ಅದನ್ನು ಕಾರ್ಯರೂಪಕ್ಕೆ ತಂದರು. ಶೆಲ್ ಬೇರೆ, ವ್ಯವಸ್ಥೆ ಬೇರೆ ಆದ್ದರಿಂದ ಒಪ್ಪಿಗೆಯಾಗದವರು ತಮ್ಮದೇ ಶೆಲ್ ಬರೆದುಕೊಳ್ಳಬಹುದಾಯಿತು. ಇಂದು ಇಷ್ಟೊಂದು ಶೆಲ್‌ಗಳು ಇರುವುದಕ್ಕೆ ಕಾರಣ ಇದೇ.

ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ ಬರೆದ ಶೆಲ್ 1971ರಲ್ಲಿ ಹೊರಬಂತು. ಅದು ಎಷ್ಟು ಪುಟ್ಟದೆಂದರೆ 'ಇಫ್' ಕೂಡ ಅದರೊಳಗೆ ಇರಲಿಲ್ಲ. ಅದೊಂದು ಹೊರಗಿನ ಪ್ರೋಗ್ರಾಮು. ಆ ಸ್ವಭಾವದ ಗುರುತು ಈಗಲೂ ಉಳಿದಿದೆ. ಷರತ್ತು ಪರೀಕ್ಷಿಸಲು ಬರೆಯುವ ತೆರೆದ ಚೌಕ ಕಂಸ ಬರೀ ಚಿಹ್ನೆಯಲ್ಲ, ಒಂದು ಕಮಾಂಡಿನ ಹೆಸರು. ಕಮಾಂಡಿನ ನಂತರ ಜಾಗ ಬಿಡಲೇಬೇಕು. ಸಮ ಚಿಹ್ನೆಯ ಸುತ್ತ ಜಾಗ ಬಿಡಬಾರದೆಂಬುದಕ್ಕೂ ಕಾರಣ ಇಲ್ಲೇ ಇದೆ: ಜಾಗ ಬಿಟ್ಟೊಡನೆ ಮೊದಲ ಪದವನ್ನು ಶೆಲ್ ಕಮಾಂಡೆಂದು ತಿಳಿದು ಹುಡುಕಲು ಹೊರಡುತ್ತದೆ.

ಪೈಪು ಬಂದ ಮೇಲೆ

ಶೆಲ್‌ಗೆ ನಿಜವಾದ ಬಲ ತಂದದ್ದು ಪೈಪು. ತೋಟಕ್ಕೆ ನೀರು ಹಾಯಿಸುವ ಹೋಸ್ ಪೈಪಿಗೆ ಇನ್ನೊಂದು ತುಂಡು ಸಿಕ್ಕಿಸಿದಂತೆ ಪ್ರೋಗ್ರಾಮುಗಳನ್ನು ಜೋಡಿಸುವ ಉಪಾಯ ಬೇಕು ಎಂದು ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ 1964ರಲ್ಲೇ ಟಿಪ್ಪಣಿ ಬರೆದಿಟ್ಟಿದ್ದರು. 1973ರಲ್ಲಿ ಥಾಂಪ್ಸನ್ ಅದನ್ನು ಒಂದೇ ರಾತ್ರಿಯಲ್ಲಿ ಯುನಿಕ್ಸ್‌ಗೆ ಸೇರಿಸಿದರು. ಒಂದು ಪ್ರೋಗ್ರಾಮಿನ ಔಟ್‌ಪುಟ್ ಇನ್ನೊಂದರ ಇನ್‌ಪುಟ್ ಆಗುವ ಸೌಲಭ್ಯ ಬಂದದ್ದೇ, ಒಂದೇ ಕೆಲಸವನ್ನು ಚೆನ್ನಾಗಿ ಮಾಡುವ ಗ್ರೆಪ್, ಸೆಡ್, ಆಕ್‌ನಂಥ ಪುಟ್ಟ ಸಲಕರಣೆಗಳ ಸಾಲೇ ಹುಟ್ಟಿತು.

ಇದರ ಹೆಸರಾಂತ ಉದಾಹರಣೆ 1986ರದು. ಒಂದು ಪಠ್ಯದಲ್ಲಿ ಅತಿ ಹೆಚ್ಚು ಸಲ ಬಂದ ಪದಗಳನ್ನು ಪಟ್ಟಿ ಮಾಡುವ ಲೆಕ್ಕವನ್ನು ಅಂಕಣಕಾರ ಜಾನ್ ಬೆಂಟ್ಲಿ ಅವರು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರಿಗೆ ಕೊಟ್ಟರು. ಕ್ನೂತ್ ಪುಟಗಟ್ಟಲೆ ಸೊಗಸಾದ ಪ್ರೋಗ್ರಾಮ್ ಬರೆದರು. ಅದನ್ನು ವಿಮರ್ಶಿಸಿದ ಮೆಕಿಲ್ರಾಯ್, ಇದೇ ಕೆಲಸವನ್ನು ಆರು ಕಮಾಂಡುಗಳ ಒಂದು ಪೈಪ್‌ಲೈನಿನಲ್ಲಿ ಮಾಡಿ ತೋರಿಸಿದರು. ಮೊದಲನೆಯದು ಅಕ್ಷರವಲ್ಲದ್ದನ್ನೆಲ್ಲ ಹೊಸ ಸಾಲಾಗಿಸಿ ಸಾಲಿಗೊಂದು ಪದ ಇಡುತ್ತದೆ. ಎರಡನೆಯದು ದೊಡ್ಡಕ್ಷರಗಳನ್ನು ಚಿಕ್ಕಕ್ಷರ ಮಾಡುತ್ತದೆ. 'ಸಾರ್ಟ್' ಒಂದೇ ಬಗೆಯವನ್ನು ಒಟ್ಟಿಗೆ ತರುತ್ತದೆ. 'ಯುನೀಕ್' ಅವನ್ನು ಎಣಿಸುತ್ತದೆ. ಮತ್ತೊಂದು 'ಸಾರ್ಟ್' ಎಣಿಕೆಯ ಇಳಿಕೆಯ ಕ್ರಮದಲ್ಲಿ ಜೋಡಿಸುತ್ತದೆ. ಕೊನೆಯ 'ಸೆಡ್' ಬೇಕಾದಷ್ಟು ಸಾಲು ತೋರಿಸಿ ನಿಲ್ಲುತ್ತದೆ. ಹೊಸಬರು ಇಲ್ಲಿ ಗಮನಿಸಬೇಕಾದದ್ದು ಒಂದಿದೆ. 'ಯುನೀಕ್' ಅಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುತ್ತದೆ. ಮೊದಲು ಸಾರ್ಟ್ ಮಾಡದೆ ಅದನ್ನು ಬಳಸಿದರೆ ಲೆಕ್ಕ ತಪ್ಪುತ್ತದೆ, ತಪ್ಪಾಯಿತೆಂದು ಅದು ಹೇಳುವುದೂ ಇಲ್ಲ.

ಇದೇ ಪೈಪ್‌ಲೈನಿಗೆ ಕನ್ನಡದ ಲೇಖನವೊಂದನ್ನು ಕೊಟ್ಟರೆ? ಎಯಿಂದ ಜೆಡ್‌ವರೆಗಿನ ಅಕ್ಷರಗಳನ್ನಷ್ಟೇ ಬಲ್ಲ ಮೊದಲ ಹಂತದಲ್ಲೇ ಕನ್ನಡವೆಲ್ಲ ಅಳಿಸಿಹೋಗುತ್ತದೆ. ಅದರ ಬದಲು 'ಸ್ಪೇಸನ್ನು ಹೊಸ ಸಾಲಾಗಿಸು' ಎಂದರೆ ಕೆಲಸ ನಡೆಯುತ್ತದೆ. ಹಾಗೆ ನಡೆಯುವಂತೆ ಮಾಡಿದ್ದು 1992ರಲ್ಲಿ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿ. ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ಆ ಬೈಟುಗಳು ಸ್ಪೇಸ್, ಅಲ್ಪವಿರಾಮಗಳಂಥ ಹಳೆಯ ಚಿಹ್ನೆಗಳ ಜೊತೆ ಎಂದೂ ಬೆರೆಯುವುದಿಲ್ಲ. 'ಕನ್ನಡ' ಎಂಬ ಪದವನ್ನು ಎಣಿಸಲು ಹೇಳಿ ನೋಡಿ: ನಮ್ಮ ಕಣ್ಣಿಗೆ ಮೂರು ಅಕ್ಷರ, 'ಡಬ್ಲ್ಯುಸಿ' ಕಮಾಂಡಿಗೆ ಐದು ಸಂಕೇತ, ಬೈಟಿನಲ್ಲಿ ಕೇಳಿದರೆ ಹದಿನೈದು. ಎಣಿಕೆ ಸಿಕ್ಕ ಮೇಲೂ 'ಮನೆ', 'ಮನೆಗೆ', 'ಮನೆಯಲ್ಲಿ' ಮೂರೂ ಬೇರೆ ಬೇರೆ ಪದಗಳಾಗಿಯೇ ಬರುತ್ತವೆ. ವಿಭಕ್ತಿ ಬಿಡಿಸುವ ಹಂತವನ್ನು ನಾವೇ ಸೇರಿಸಿಕೊಳ್ಳಬೇಕು. ಕನ್ನಡದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಮೊದಲ ಅಭ್ಯಾಸ ಇಲ್ಲ.

ಕಮಾಂಡಿನ ಪಟ್ಟಿ ಭಾಷೆಯಾದದ್ದು

1979ರಲ್ಲಿ ಯುನಿಕ್ಸ್‌ನ ಏಳನೆಯ ಆವೃತ್ತಿಯೊಂದಿಗೆ ಸ್ಟೀಫನ್ ಬೋರ್ನ್ ಅವರ ಶೆಲ್ ಬಂತು. ವೇರಿಯಬಲ್, ಲೂಪ್, ಕೇಸ್, ಒಂದು ಕಮಾಂಡಿನ ಫಲಿತಾಂಶವನ್ನು ಇನ್ನೊಂದರೊಳಗೆ ಇಡುವ ಅನುಕೂಲ ಎಲ್ಲವೂ ಒಂದೆಡೆ ಸೇರಿ, ಶೆಲ್ ಪೂರ್ಣ ಪ್ರೋಗ್ರಾಮಿಂಗ್ ಭಾಷೆಯಾಯಿತು. ಬೋರ್ನ್ ಮೊದಲು ಆಲ್ಗಾಲ್ 68 ಭಾಷೆಗೆ ಕಂಪೈಲರ್ ಬರೆದವರು. ಆರಂಭದ ಪದವನ್ನು ತಿರುವಿ ಮುಕ್ತಾಯಕ್ಕೆ ಬಳಸುವ ಅದರ ಪದ್ಧತಿಯನ್ನು ಇಲ್ಲಿಗೂ ತಂದರು. 'ಡೂ' ಮಾತ್ರ 'ಡನ್' ಎಂದು ಮುಗಿಯುತ್ತದೆ, ಏಕೆಂದರೆ 'ಓಡಿ' ಎಂಬ ಹೆಸರಿನ ಕಮಾಂಡ್ ಆಗಲೇ ಇತ್ತು.

ಅದೇ ಕಾಲಕ್ಕೆ ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್, ಟೈಪ್ ಮಾಡುವವರ ಅನುಕೂಲ ನೋಡಿತು. ಹಿಂದಿನ ಕಮಾಂಡುಗಳನ್ನು ಮರಳಿ ಕರೆಯುವುದು, ಉದ್ದ ಕಮಾಂಡಿಗೆ ಅಡ್ಡಹೆಸರು ಇಡುವುದು ಅದರ ಕೊಡುಗೆ. 1983ರಲ್ಲಿ ಡೇವಿಡ್ ಕಾರ್ನ್ ತಮ್ಮ ಶೆಲ್‌ನಲ್ಲಿ ಎರಡೂ ಧಾರೆಗಳನ್ನು ಕೂಡಿಸಿದರು. ಸ್ವತಂತ್ರ ತಂತ್ರಾಂಶದ ಗ್ನೂ ಯೋಜನೆಗಾಗಿ ಬ್ರಯನ್ ಫಾಕ್ಸ್ ಬರೆದ ಬ್ಯಾಷ್ 1989ರಲ್ಲಿ ಹೊರಬಂತು. ಲಿನಕ್ಸ್ ಹರಡಿದಂತೆ ಬ್ಯಾಷ್ ಕೂಡ ಹರಡಿತು. 1992ರ ಪಾಸಿಕ್ಸ್ ಮಾನದಂಡ, ಎಲ್ಲ ಶೆಲ್‌ಗಳೂ ಒಪ್ಪಬೇಕಾದ ಕನಿಷ್ಠ ವ್ಯಾಕರಣವನ್ನು ಗೊತ್ತುಮಾಡಿತು.

ಆ ಕನಿಷ್ಠದ ಆಚೆ ಎಷ್ಟು ಹೋಗಿದ್ದೇವೆ ಎಂಬುದು ಹಲವರಿಗೆ ತಿಳಿದದ್ದು 2006ರಲ್ಲಿ. ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನ 6.10 ಆವೃತ್ತಿಯಲ್ಲಿ ವೇಗಕ್ಕಾಗಿ 'ಎಸ್‌ಎಚ್' ಎಂಬ ಹೆಸರಿನ ಹಿಂದೆ ಬ್ಯಾಷ್ ಬದಲು ಡ್ಯಾಷ್ ಎಂಬ ಇನ್ನೊಂದು ಶೆಲ್ ಇಟ್ಟರು. ಬ್ಯಾಷ್‌ಗಷ್ಟೇ ಸೀಮಿತವಾದ ಬರವಣಿಗೆಯಿದ್ದ ಸ್ಕ್ರಿಪ್ಟುಗಳು ಕೈಕೊಟ್ಟವು. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಯಾವ ಶೆಲ್ ಎಂದು ಸರಿಯಾಗಿ ನಮೂದಿಸುವುದು ಕೇವಲ ಶಾಸ್ತ್ರವಲ್ಲ ಎಂಬ ಪಾಠ ಅದು. 2019ರಿಂದ ಮ್ಯಾಕ್ ಕಂಪ್ಯೂಟರುಗಳಲ್ಲಿ ಡೀಫಾಲ್ಟ್ ಶೆಲ್ ಆಗಿ ಜೆಡ್ ಶೆಲ್ ಬರುತ್ತಿದೆ. ವಿಂಡೋಸ್‌ನ ದಾರಿ ಬೇರೆ. ಜೆಫ್ರಿ ಸ್ನೋವರ್ ರೂಪಿಸಿದ ಪವರ್‌ಶೆಲ್ 2006ರಲ್ಲಿ ಬಂದಾಗ ಪೈಪಿನಲ್ಲಿ ಹರಿದದ್ದು ಪಠ್ಯವಲ್ಲ, ಗುಣಲಕ್ಷಣಗಳುಳ್ಳ ಆಬ್ಜೆಕ್ಟುಗಳು. 2016ರಿಂದ ವಿಂಡೋಸ್ ಒಳಗೇ ಲಿನಕ್ಸ್ ಕೂಡ ಓಡುತ್ತಿರುವುದರಿಂದ ಬ್ಯಾಷ್ ಕಲಿಯಲು ಬೇರೆ ಕಂಪ್ಯೂಟರ್ ಹುಡುಕಬೇಕಾಗಿಲ್ಲ.

ಒಂದು ಖಾಲಿ ವೇರಿಯಬಲ್

ಶೆಲ್‌ನ ದೊಡ್ಡ ಅಪಾಯ ಅದರ ವಿಧೇಯತೆ. 2015ರಲ್ಲಿ ಸ್ಟೀಮ್ ಎಂಬ ಗೇಮ್ ತಂತ್ರಾಂಶದ ಲಿನಕ್ಸ್ ಆವೃತ್ತಿಯ ಒಂದು ಸ್ಕ್ರಿಪ್ಟ್ ಬಳಕೆದಾರರ ಫೈಲುಗಳನ್ನೇ ಅಳಿಸಿಹಾಕಿತು. ಅಲ್ಲಿದ್ದ ಸಾಲಿನ ಅರ್ಥ ಸರಳ: ಈ ವೇರಿಯಬಲ್ ಹೇಳುವ ಫೋಲ್ಡರಿನ ಕೆಳಗಿರುವುದನ್ನೆಲ್ಲ ತೆಗೆದುಹಾಕು. ವಿಶೇಷ ಸಂದರ್ಭದಲ್ಲಿ ಆ ವೇರಿಯಬಲ್ ಖಾಲಿಯಾಯಿತು. ಉಳಿದದ್ದು ಒಂದು ಓರೆಗೆರೆ, ಅಂದರೆ ಇಡೀ ಡಿಸ್ಕಿನ ಬೇರು. ಅನುಮತಿ ಇದ್ದದ್ದೆಲ್ಲ ಅಳಿಯಿತು.

ಖಾಲಿ ವೇರಿಯಬಲ್ಲನ್ನು ಶೆಲ್ ತಪ್ಪೆಂದು ಎಣಿಸುವುದಿಲ್ಲ, ಉದ್ಧರಣ ಚಿಹ್ನೆ ಇಲ್ಲದ ಹೆಸರನ್ನು ಸ್ಪೇಸ್ ಬಂದಲ್ಲೆಲ್ಲ ತುಂಡರಿಸುತ್ತದೆ. ಫೈಲುಗಳಿಗೆ ಚಿಕ್ಕ ಹೆಸರಿಡುತ್ತಿದ್ದ ಕಾಲದಲ್ಲಿ ಇದು ಟೈಪಿಂಗ್ ಉಳಿಸುವ ಅನುಕೂಲವಾಗಿತ್ತು. ಈಗಿನ ಪರಿಹಾರಗಳು ಮೂರು. ವೇರಿಯಬಲ್ಲನ್ನು ಯಾವಾಗಲೂ ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆಯುವುದು, ಬೆಲೆಯಿಡದ ವೇರಿಯಬಲ್ ಕಂಡರೆ ನಿಲ್ಲುವಂತೆ ಸ್ಕ್ರಿಪ್ಟಿನ ಆರಂಭದಲ್ಲೇ ಹೇಳುವುದು, ಬರೆದದ್ದನ್ನು ಶೆಲ್‌ಚೆಕ್ ಎಂಬ ಉಚಿತ ಸಲಕರಣೆಗೆ ತೋರಿಸುವುದು. ಅಳಿಸುವ ಕಮಾಂಡಿನ ಮುಂದೆ ಮೊದಲು 'ಎಕೋ' ಇಟ್ಟು ಏನಾಗಲಿದೆ ಎಂದು ಓದಿಕೊಳ್ಳುವುದು ಅದಕ್ಕೂ ಹಳೆಯ ಉಪಾಯ.

ತಾನಾಗಿ ನಡೆಯುವ ಕೆಲಸ

ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಕ್ರಾನ್ ಕೂಡ 1979ರ ಯುನಿಕ್ಸ್‌ನಲ್ಲೇ ಇತ್ತು. ಕ್ರಾನ್ ಸ್ಕ್ರಿಪ್ಟನ್ನು ಓಡಿಸುವಾಗ ನಮ್ಮ ಲಾಗಿನ್‌ನ ಸೆಟ್ಟಿಂಗುಗಳು ಅದಕ್ಕೆ ಸಿಗುವುದಿಲ್ಲ, ಕಮಾಂಡು ಹುಡುಕುವ ದಾರಿಗಳ ಪಟ್ಟಿಯೂ ಚಿಕ್ಕದು. ರಾತ್ರಿಯ ಸ್ಕ್ರಿಪ್ಟ್ ಕೆಡಲು ಬಹುಪಾಲು ಇದೇ ಕಾರಣ. ಪೂರ್ಣ ದಾರಿ ಬರೆಯುವುದು, ಔಟ್‌ಪುಟ್ಟನ್ನು ಲಾಗ್ ಫೈಲಿಗೆ ಕಳಿಸುವುದು ಇದಕ್ಕೆ ಮದ್ದು.

ಯಂತ್ರಗಳು ಒಂದರಿಂದ ನೂರಾದಾಗ ಶೆಲ್ ಸಾಲದಾಯಿತು. 1993ರಲ್ಲಿ ಮಾರ್ಕ್ ಬರ್ಜೆಸ್ ಅವರ ಸಿಎಫ್‌ಎಂಜಿನ್, 2005ರಲ್ಲಿ ಪಪೆಟ್, 2012ರಲ್ಲಿ ಆನ್ಸಿಬಲ್ ಎಂಬ ಸಲಕರಣೆಗಳು ಬಂದವು. 'ಇದನ್ನು ಮಾಡು' ಎನ್ನುವ ಬದಲು 'ಇದು ಹೀಗಿರಲಿ' ಎನ್ನುವುದು ಇವುಗಳ ರೀತಿ. ಆಗಲೇ ಹಾಗಿದ್ದರೆ ಮುಟ್ಟುವುದಿಲ್ಲ. ಈ ತತ್ವವನ್ನು ಹೊಸಬರು ತಮ್ಮ ಪುಟ್ಟ ಸ್ಕ್ರಿಪ್ಟಿಗೂ ತರಬಹುದು: ಎರಡು ಸಲ ಓಡಿಸಿದರೂ ಅನಾಹುತವಾಗದಂತೆ ಬರೆಯುವುದು.

ಎಲ್ಲಿಂದ ಕಲಿಯುವುದು, ಎಲ್ಲಿ ನಿಲ್ಲಿಸುವುದು

ಕರ್ನಿಗನ್ ಮತ್ತು ಪೈಕ್ ಅವರ 1984ರ ಯುನಿಕ್ಸ್ ಪುಸ್ತಕ ಈಗಲೂ ಹಳತಾಗಿಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸುಮಿತಾಭ ದಾಸ್ ಅವರ ಪಠ್ಯ ಪರಿಚಿತ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಲಿನಕ್ಸ್ ಪಾಠಗಳು ಕನ್ನಡದಲ್ಲೂ ಸಿಗುತ್ತವೆ. ಪದವಿ ತರಗತಿಗಳು ಹೇಳಿಕೊಡದೆ ಬಿಡುವ ಈ ಕೌಶಲಗಳಿಗಾಗಿಯೇ ಎಂಐಟಿಯಲ್ಲಿ 2020ರಲ್ಲಿ ಪ್ರತ್ಯೇಕ ಪಾಠಸರಣಿಯೊಂದು ನಡೆಯಿತು. ಈಗ ಎಐ ಸಹಾಯಕಗಳು ಕೇಳಿದೊಡನೆ ಸ್ಕ್ರಿಪ್ಟ್ ಬರೆದುಕೊಡುತ್ತವೆ. ಬರೆಯುವ ಶ್ರಮ ಇಳಿದಿದೆ, ಆದರೆ ಸ್ಟೀಮ್‌ನ ಆ ಒಂದು ಸಾಲಿನಂಥದ್ದನ್ನು ಓದಿ ಅಪಾಯ ಗುರುತಿಸುವ ಹೊಣೆ ಓಡಿಸುವವರ ಮೇಲೇ ಉಳಿದಿದೆ.

ಕಲಿಕೆಯ ಕ್ರಮ ಚರಿತ್ರೆಯ ಕ್ರಮವೇ ಆಗಿರುವುದು ಒಳ್ಳೆಯದು. ಮೊದಲು ಕಮಾಂಡುಗಳನ್ನು ಕೈಯಾರೆ ನಡೆಸಿ ನೋಡಬೇಕು, ಆಮೇಲೆ ಪೈಪು, ಆಮೇಲೆ ಅವನ್ನೇ ಫೈಲಿನಲ್ಲಿ ಬರೆದಿಡುವುದು, ನಂತರ ವೇರಿಯಬಲ್, ಲೂಪ್, ಕೊನೆಗೆ ಕ್ರಾನ್. ಅಭ್ಯಾಸಕ್ಕೆ ನೀವು ನಿಜವಾಗಿ ಮಾಡುತ್ತಿರುವ ಕೆಲಸವನ್ನೇ ಆರಿಸಿಕೊಳ್ಳಿ: ಮೊಬೈಲಿನ ಫೋಟೋಗಳಿಗೆ ದಿನಾಂಕದ ಹೆಸರು, ವಾರದ ಬ್ಯಾಕಪ್, ನೂರು ಫೈಲುಗಳಲ್ಲಿ ಒಂದು ಪದದ ಹುಡುಕಾಟ. ಸ್ಕ್ರಿಪ್ಟ್ ನೂರು ಸಾಲು ದಾಟಿದರೆ ಇನ್ನೂ ಅಚ್ಚುಕಟ್ಟಾದ ಭಾಷೆಗೆ ಬದಲಾಯಿಸಿ ಎನ್ನುತ್ತದೆ ಗೂಗಲ್‌ನ ಶೆಲ್ ಮಾರ್ಗಸೂಚಿ. ಅಷ್ಟರಲ್ಲಿ ಯಾವ ಹಂತ ಯಾಕಿದೆ ಎಂದು ನಿಮಗೆ ಗೊತ್ತಿರುತ್ತದೆ, ಪೈಥಾನ್‌ನಲ್ಲಿ ಅದನ್ನು ಮತ್ತೆ ಬರೆಯುವುದು ಕಷ್ಟವಾಗದು.