ಹಳೇ ಎಂಜಿನ್‌ಗೆ ಹೊಸದಾಗಿ ಒತ್ತಿದ ನಂಬರ್

ಟ್ರ್ಯಾಕ್ಟರ್ ಎಫ್‌ಸಿಗೆ ಹೋದಾಗ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುವುದನ್ನು ನಾವೆಲ್ಲ ನೋಡಿದ್ದೇವೆ. ಅಮೆರಿಕದಲ್ಲಿ ಹಳೇ ಷೆವರ್ಲೆ ಕಾರ್ವೆಟ್ ಕೊಳ್ಳುವವರೂ ಎಂಜಿನ್ ನಂಬರನ್ನು ಹೀಗೇ ತಡಕಾಡುತ್ತಾರೆ. ಅದು ಕಾರಿನ ಜೊತೆಗೇ ಬಂದ ಎಂಜಿನ್ ಆದರೆ ಬೆಲೆಯೇ ಬೇರೆ.

1960ರ ದಶಕದ ಮೊದಲ ವರ್ಷಗಳ ಕಾರ್ವೆಟ್‌ನಲ್ಲಿ ಬಲಬದಿಯ ಸಿಲಿಂಡರ್ ಹೆಡ್ಡಿನ ಮುಂದೆ, ಬ್ಲಾಕ್ ಮೇಲೆ, ಒಂದು ಸಣ್ಣ ಸಪಾಟು ಜಾಗವಿದೆ. ಅಲ್ಲಿ 'ಎಫ್1215' ಎಂದಿದ್ದರೆ ಫ್ಲಿಂಟ್ ಊರಿನ ಕಾರ್ಖಾನೆಯಲ್ಲಿ ಡಿಸೆಂಬರ್ 15ರಂದು ಜೋಡಿಸಿದ್ದು ಅಂತ. ಆಮೇಲೆ ಎಂಜಿನ್ ಸೇಂಟ್ ಲೂಯಿಸ್‌ಗೆ ಹೋಗಿ ಕಾರಿಗೆ ಕೂರುತ್ತಿತ್ತು. ಕಾರಿನ ನಂಬರನ್ನು ಅಲ್ಲಿ ಬೇರೆ ಅಚ್ಚಿನಿಂದ ಒತ್ತುತ್ತಿದ್ದರು. ಎರಡೂ ಒಂದೇ ಅಚ್ಚಿನಂತೆ ಕಂಡರೆ ಅನುಮಾನ ಪಡಬೇಕು.

ಇನ್ನೊಂದು ಸಾಕ್ಷಿ ಗೆರೆಗಳು. ಕಾರ್ಖಾನೆಯವರು ಆ ಜಾಗವನ್ನು ಬ್ರೋಚ್ ಎಂಬ ಹಲ್ಲುಗಳ ಯಂತ್ರದಿಂದ ಹೆರೆಯುತ್ತಿದ್ದರು. ಉದ್ದಕ್ಕೆ ನೆಟ್ಟನೆಯ ಗೆರೆ ಉಳಿಯುತ್ತಿತ್ತು. ವರ್ಕ್‌ಶಾಪಿನಲ್ಲಿ ಹೆರೆಸಿದರೆ ಸಾಮಾನ್ಯವಾಗಿ ಬಾಗಿದ ಗೆರೆ ಬೀಳುತ್ತದೆ. ಈಗ ನೆಟ್ಟನೆಯ ಗೆರೆಯನ್ನೂ ಮತ್ತೆ ಮೂಡಿಸುವ ಕೈಗಳಿವೆ!

ಕಾರ್ಮಿಕರು ಹಚ್ಚುತ್ತಿದ್ದ ಬಣ್ಣದ ಗುರುತನ್ನು ಮತ್ತೆ ಹಚ್ಚಿದರೆ ನಮ್ಮ ತಕರಾರಿಲ್ಲ. ನಂಬರ್ ಹಾಗಲ್ಲ. "ರಿಪೇರಿಯಲ್ಲಿ ಅಳಿಸಿಹೋಗಿತ್ತು, ಅದನ್ನೇ ಒತ್ತಿಸಿದೆ" ಎನ್ನುವವರಿದ್ದಾರೆ, ನಿಜವೂ ಇರಬಹುದು. ಆದರೆ ಬೇರೆ ಎಂಜಿನ್ ಕೂರಿಸಿದವನೂ ಅದೇ ಮಾತು ಹೇಳುತ್ತಾನೆ. ಒತ್ತಿಸಿದ್ದರೆ ಮಾರುವಾಗ ಕಾಗದದಲ್ಲಿ ಬರೆದುಕೊಡಲಿ.